ಹೊಟ್ಟೆ ತುಂಬಿತು

ಆ ಊರಿನ ಹೋಟೆಲಿನವರು ಆರೋಗ್ಯ ಇಲಾಖೆಯವರಿಗೆ ಹೆದರುತ್ತಿದ್ದರು, ಅದಕ್ಕಿಂತ ಹೆಚ್ಚಾಗಿ ತುತ್ತಕ್ಕನಿಗೆ ಹೆದರುತ್ತಿದ್ದರು. ಇಲಾಖೆಯವರು ಬರುವ ಸುದ್ದಿ ಹೇಗೋ ಮೊದಲೇ ಸಿಕ್ಕಿಬಿಡುತ್ತಿತ್ತು. ತುತ್ತಕ್ಕ ಬಂದದ್ದು ಅವಳು ಹೋದಮೇಲೂ ಗೊತ್ತಾಗುತ್ತಿರಲಿಲ್ಲ. ಮೂಲೆಯ ಮೇಜಿನಲ್ಲಿ ಕೂತು, ಪಟ್ಟಿಯಲ್ಲಿ ಎಲ್ಲಕ್ಕಿಂತ ಸಾದಾ ತಿನಿಸು ಯಾವುದಿದೆಯೋ ಅದನ್ನು ತರಿಸಿಕೊಂಡು, ತಿಂದು, ಬಿಲ್ಲು ಕೊಟ್ಟು ಎದ್ದುಹೋಗುವ ಐವತ್ತರ ಹೆಂಗಸನ್ನು ಯಾರು ತಾನೇ ಗಮನಿಸುತ್ತಾರೆ? ಹಾಗೆ ಮೂರು ಬೇರೆ ಬೇರೆ ದಿನ ಹೋಗಿಬಂದ ಮೇಲೆ ಗುರುವಾರದ ಪತ್ರಿಕೆಯಲ್ಲಿ ಅವಳ ‘ಒಂದು ತುತ್ತು’ ಅಂಕಣ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಒಂದು ವಾರವೂ ತಪ್ಪದೆ ಬಂದದ್ದರಿಂದ ಅವಳ ಸ್ವಂತ ಹೆಸರು ಎಲ್ಲೋ ಕಳೆದುಹೋಗಿ ಕಚೇರಿಯವರಿಗೂ ಓದುಗರಿಗೂ ಅವಳು ತುತ್ತಕ್ಕನೇ ಆಗಿಹೋಗಿದ್ದಳು.

ಅವಳು ಯಾರನ್ನೂ ಬೈದು ಬರೆದವಳಲ್ಲ. ಊಟ ಚೆನ್ನಾಗಿದ್ದರೆ ಓದುವವರ ಬಾಯಲ್ಲಿ ನೀರೂರುವ ಹಾಗೆ ಬರೆಯುತ್ತಿದ್ದಳು. ಚೆನ್ನಾಗಿಲ್ಲದಿದ್ದರೆ ಅಲ್ಲಿನ ಕುರ್ಚಿ, ಕಿಟಕಿ, ನೀರಿನ ಲೋಟ, ಬಡಿಸಿದವನ ನಗುಮುಖ ಎಲ್ಲವನ್ನೂ ವರ್ಣಿಸಿ ಕೊನೆಗೆ ‘ಹೊಟ್ಟೆ ತುಂಬಿತು’ ಎಂದು ಮುಗಿಸುತ್ತಿದ್ದಳು. ಆ ಎರಡು ಪದ ಕಂಡದ್ದೇ ತಡ, ಓದುಗರು ಮುಸಿಮುಸಿ ನಕ್ಕು ಊಟಕ್ಕೆ ಬೇರೆ ಕಡೆ ಹೋಗುತ್ತಿದ್ದರು. ಯಾರ ಮನಸ್ಸೂ ನೋಯಿಸದೆ ಹೇಳಬೇಕಾದ್ದನ್ನು ಹೇಳುವ ಈ ಜಾಣತನದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ಎರಡು ಪದದ ಗುಟ್ಟು ಊರಿಗೆಲ್ಲ ಗೊತ್ತಿತ್ತು, ಮನೆಯವರಿಗೆ ಮಾತ್ರ ಗೊತ್ತಿರಲಿಲ್ಲ. ಗಂಡನದು ಕನ್ನಡಕದ ಅಂಗಡಿ. ಊರವರ ಕಣ್ಣನ್ನೆಲ್ಲ ಪರೀಕ್ಷಿಸುವ ಆ ಪುಣ್ಯಾತ್ಮ ಹೆಂಡತಿಯ ಅಂಕಣದ ಮೇಲೆ ಒಮ್ಮೆಯೂ ಕಣ್ಣು ಹಾಯಿಸಿದವನಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದ ಅತ್ತೆ ಓದುತ್ತಿದ್ದದ್ದು ಯಾರು ಯಾರು ತೀರಿಕೊಂಡರು ಎಂಬ ಪುಟವನ್ನಷ್ಟೇ. ನರ್ಸಿಂಗ್ ಕಲಿಯುತ್ತಿದ್ದ ಮಗಳೊಬ್ಬಳು ತಪ್ಪದೆ ಓದುತ್ತಿದ್ದಳು. ಮನೆಯಲ್ಲಿ ಎಲ್ಲರೂ ಓದುತ್ತಾರೆ ಎಂದೇ ಆ ಹುಡುಗಿ ತಿಳಿದಿದ್ದಳು.

ಹೀಗಿರುವಾಗ ಮೈದುನ ಹೋಟೆಲು ತೆರೆದ. ಇಪ್ಪತ್ತು ವರ್ಷ ಟೈಲ್ಸ್ ಮಾರಿದ ಆಸಾಮಿ ಅವನು. ಹೆಂಡತಿ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯವಳಾಗಿದ್ದಳು. ಆ ಕೈಯನ್ನು ಹಾಸ್ಟೆಲಿನಲ್ಲಿ ಸವೆಸುವುದೇಕೆ ಎಂದು ಇಬ್ಬರೂ ಕೆಲಸ ಬಿಟ್ಟು ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಜಾಗ ಹಿಡಿದರು. ಗೋಡೆ, ನೆಲ, ಕಂಬ ಎಲ್ಲಕ್ಕೂ ಟೈಲ್ಸ್. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಕನ್ನಡಿಯ ಹಾಗೆ ಹೊಳೆಯುವ ಕಪ್ಪು ಟೈಲ್ಸಿನ ಉದ್ದನೆಯ ಕಟ್ಟೆ, ಅದರ ಮೇಲೆ ಸಾಲಾಗಿ ದೀಪ. ಬಂದವರು ಮೊದಲ ಸಲಕ್ಕೆ ಇದು ಊಟದ ಕೋಣೆಯೋ ಬಚ್ಚಲೋ ಎಂದು ಅನುಮಾನಪಡುವ ಹಾಗಿತ್ತು.

ತೆರೆಯುವ ಹಿಂದಿನ ದಿನ ಮನೆಯವರಿಗೆಲ್ಲ ಅಲ್ಲೇ ಊಟ. ಸೂಪು, ಹುರಿದ ಕೋಳಿ, ಆಲೂಗಡ್ಡೆ, ಬ್ರೆಡ್ಡು. ಊಟ ಮುಗಿಯುತ್ತಿದ್ದ ಹಾಗೆ ಮೈದುನ ಬಂದು ಮುಂದೆ ನಿಂತ.

“ಅತ್ತಿಗೆ, ಹೇಗಿತ್ತು?”

ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಸೂಪು ಬಾಯಿಗೆ ಬೆಚ್ಚಗೂ ಇರಲಿಲ್ಲ. ಕೋಳಿಯ ಚರ್ಮ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ ಅವಳ ಬಾಯಿಂದ ತಾನಾಗಿಯೇ ಬಂತು.

“ಹೊಟ್ಟೆ ತುಂಬಿತು.”

ಮೈದುನನ ಮುಖ ಅರಳಿತು. ಮಗಳು ಕೆಮ್ಮಿದಳು. ಒಳಗಿನಿಂದ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದ ಓರಗಿತ್ತಿ ಮಾತ್ರ ತುತ್ತಕ್ಕನ ತಟ್ಟೆಯಲ್ಲಿ ಉಳಿದಿದ್ದ ಕೋಳಿಯನ್ನು ನೋಡಿ ಸುಮ್ಮನೆ ಒಳಗೆ ಹೋದಳು.

ಹತ್ತು ದಿನ ಕಳೆದಿರಬೇಕು. ಭಾನುವಾರ ಮಧ್ಯಾಹ್ನ ಮಗಳು ಫೋನು ತಂದು ಅಮ್ಮನ ಮೂಗಿನ ಮುಂದೆ ಹಿಡಿದಳು.

“ಅಮ್ಮ, ಚಿಕ್ಕಪ್ಪನ ಹತ್ರ ಜಗಳ ಏನಾದ್ರೂ ಆಡಿದ್ಯಾ?”

“ಇಲ್ವಲ್ಲ, ಯಾಕೆ?”

“ಮತ್ತೆ ಇದೇನು?”

ಹೋಟೆಲಿನ ಬಾಗಿಲ ಮೇಲೆ ಈ ತುದಿಯಿಂದ ಆ ತುದಿಗೆ ಬೋರ್ಡು. ಕೆಂಪು ಅಕ್ಷರ, ಹಳದಿ ಅಂಚು. ‘ಹೊಟ್ಟೆ ತುಂಬಿತು — ತುತ್ತಕ್ಕ.’ ಬೋರ್ಡಿನ ಕೆಳಗೆ ಕಾಲೇಜಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಿಂತು ಫೋಟೋ ತೆಗೆಸಿಕೊಂಡಿದ್ದರು. ಫೋಟೋ ಊರೆಲ್ಲ ಸುತ್ತಿ ಬಂದಿತ್ತು.

“ಬೋರ್ಡ್ ನೋಡೋಕೆ ಜನ ಬರ್ತಾರಂತೆ. ಒಳಗೆ ಮಾತ್ರ ಯಾರೂ ಹೋಗಲ್ವಂತೆ,” ಎಂದಳು ಮಗಳು. ನಗಬೇಕೋ ಅಳಬೇಕೋ ಅವಳಿಗೂ ತಿಳಿಯುತ್ತಿರಲಿಲ್ಲ.

ಸೋಮವಾರ ಸಂಪಾದಕ ಕರೆಸಿದ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಮಾತು ಮೃದು, ಹಟ ಗಟ್ಟಿ. ಮೇಜಿನ ಮೇಲೆ ಅದೇ ಫೋಟೋ ಇತ್ತು.

“ಮೇಡಂ, ಯಾವ ಹೋಟೆಲಿಗೂ ನಮ್ಮ ಹೆಸರು ಬಳಸೋಕೆ ಬಿಡಬಾರದು ಅಂತ ನಿಯಮ ಮಾಡಿದ್ದೇ ನೀವು.”

“ಬಿಟ್ಟಿಲ್ಲ. ಅವನೇ ಬರೆಸಿದ್ದು.”

“ಅವನು ನಿಮಗೇನಾಗಬೇಕು?”

“ನನ್ನ ಮೈದುನ.”

ಸಂಪಾದಕ ಕನ್ನಡಕ ತೆಗೆದು ಒರೆಸಿದ. ಆ ಕನ್ನಡಕವೂ ಅವಳ ಗಂಡನ ಅಂಗಡಿಯದೇ. “ಒಬ್ಬರು ಬರೀತಾರೆ, ತುತ್ತಕ್ಕ ಮಾರಿಕೊಂಡ್ರು ಅಂತ. ಇನ್ನೊಬ್ಬರು, ಸ್ವಂತದವರನ್ನೇ ಬೀದೀಲಿ ಹರಾಜು ಹಾಕಿದ್ರು ಅಂತ. ನೀವು ಈ ಗುರುವಾರ ನಾಲ್ಕು ಸಾಲು ಬರೆದುಬಿಡಿ. ಆ ಹೋಟೆಲಿಗೂ ನನಗೂ ಸಂಬಂಧ ಇಲ್ಲ, ಅಲ್ಲಿ ನಾನು ಊಟಾನೇ ಮಾಡಿಲ್ಲ ಅಂತ. ಅಲ್ಲಿಗೆ ಮುಗೀತು.”

“ಊಟ ಮಾಡಿದ್ದೀನಲ್ಲ?”

“ಯಾರು ನೋಡಿದಾರೆ?”

“ನಾನು ನೋಡಿದ್ದೀನಿ. ತಿಂದವಳು ನಾನೇ ಅಲ್ವಾ?”

“ಹಾಗಾದ್ರೆ ಅಂಕಣ ನಿಲ್ಲಿಸಬೇಕಾಗುತ್ತೆ, ಮೇಡಂ. ಯೋಚನೆ ಮಾಡಿ. ಬೇಕಿದ್ರೆ ಒಂದೆರಡು ವಾರ ಬಿಡುವು ಅಂತ ಹಾಕ್ತೀನಿ. ಅಷ್ಟರಲ್ಲಿ ಬರೆದುಕೊಡಿ.”

ಅವಳು ಮನೆಗೆ ಬಂದಾಗ ಮೈದುನ ಬಂದು ಕೂತಿದ್ದ. ಮಗಳು ಅವನಿಗೆ ಬೋರ್ಡಿನ ಅರ್ಥ ಬಿಡಿಸಿ ಹೇಳಿಯಾಗಿತ್ತು. ಬೋರ್ಡನ್ನು ಅವನೇ ಕಿತ್ತು ತಂದು ಹೊರಗೆ ಗೋಡೆಗೆ ಒರಗಿಸಿದ್ದ, ಅಕ್ಷರಗಳು ಗೋಡೆಯ ಕಡೆಗೆ. ಅತ್ತೆ ಊಟಕ್ಕೆ ಬಡಿಸುತ್ತಿದ್ದಳು. ಅನ್ನ, ಬೇಳೆ, ಬೇಯಿಸಿದ ಎಲೆಕೋಸು. ತಟ್ಟೆಗಳು ಮೇಜಿನ ಮೇಲೆ ಬೀಳುವ ಸದ್ದಿನಲ್ಲೇ ಮನೆಯ ಹವಾಮಾನ ತಿಳಿಯುತ್ತಿತ್ತು.

“ಎದುರಿಗೇ ಕೂತು ಉಗಿದಿದ್ರೂ ಬೇಜಾರಿರಲಿಲ್ಲ ಅತ್ತಿಗೆ. ನಗ್ತಾ ನಗ್ತಾ ಹೊಡೆದ್ರಲ್ಲ.”

“ನೀನು ಬೋರ್ಡು ಬರೆಸ್ತೀಯ ಅಂತ ನನಗೇನು ಕನಸು ಬಿದ್ದಿತ್ತಾ? ಒಂದು ಮಾತು ಕೇಳಬಾರದಿತ್ತಾ?”

“ಹೊಗಳಿದ್ರಿ ಅಂದ್ಕೊಂಡೆ. ಹೊಟ್ಟೆ ತುಂಬಿತು ಅಂದ್ರೆ ಲೋಕದಲ್ಲಿ ಯಾರಾದ್ರೂ ಬೈಗುಳ ಅಂದ್ಕೋತಾರಾ?”

ಗಂಡ ಎಲೆಕೋಸನ್ನು ಅತ್ತಿಂದಿತ್ತ ತಳ್ಳುತ್ತಿದ್ದ. “ಆಗಿದ್ದು ಆಗೋಯ್ತು. ಈಗ ನಿನ್ನ ಪೇಪರಿನಲ್ಲಿ ಚೆನ್ನಾಗಿದೆ ಅಂತ ಒಂದು ಬರೆದುಬಿಡು. ಎಲ್ಲ ಸರಿಹೋಗುತ್ತೆ.”

“ಚೆನ್ನಾಗಿಲ್ಲ, ರೀ.”

“ಒಂದು ಸಲ ಸುಳ್ಳು ಬರೆದರೆ ಏನಾಗುತ್ತೆ?”

“ನೀವು ಕಣ್ಣು ಕಾಣದವನಿಗೆ ಕಾಣುತ್ತೆ ಅಂತ ಬರೆದುಕೊಟ್ಟು ಬಸ್ಸು ಓಡಿಸೋಕೆ ಕಳಿಸ್ತೀರಾ?”

“ಅದು ಬೇರೆ, ಇದು ಬೇರೆ. ಇಲ್ಲಿ ಯಾರೂ ಸಾಯಲ್ಲ,” ಎಂದ ಗಂಡ.

“ನನ್ನ ಅಂಕಣ ಸಾಯುತ್ತೆ. ಅಲ್ಲಿ ಅವರು ಒಂದು ಸುಳ್ಳು ಬರಿ ಅಂತಾರೆ, ಇಲ್ಲಿ ನೀವು ಇನ್ನೊಂದು ಬರಿ ಅಂತೀರಿ. ಇಪ್ಪತ್ತೆರಡು ವರ್ಷ, ಇವಳೊಬ್ಬಳನ್ನ ಬಿಟ್ಟು ನಿಮ್ಮಲ್ಲಿ ಒಬ್ಬರಾದ್ರೂ ಓದಲಿಲ್ಲ. ಇವತ್ತು ಎಲ್ಲರಿಗೂ ಅದರಲ್ಲಿ ಏನು ಬರಬೇಕು ಅಂತ ಗೊತ್ತಿದೆ.”

ಅತ್ತೆ ಸೌಟನ್ನು ಪಾತ್ರೆಯಲ್ಲಿಟ್ಟಳು. ಎಕ್ಸ್‌ಚೇಂಜಿನಲ್ಲಿ ಪಳಗಿದ ಗಂಟಲು ಅದು, ಒಂದೊಂದು ಅಕ್ಷರವೂ ಸ್ಪಷ್ಟ.

“ಅದು ಹಾಗಿರಲಿ. ನನ್ನ ಅಡುಗೆ ಉಂಡು ಏಳುವಾಗ ನೀನು ದಿನಾ ಏನಂತೀಯ?”

ಮಗಳು ತಟ್ಟೆಯ ಮೇಲೆ ಬಗ್ಗಿದಳು.

“ಕೇಳ್ತಾ ಇದೀನಿ. ಇಪ್ಪತ್ತೇಳು ವರ್ಷದಿಂದ, ಏನಂತೀಯ?”

“ಹೊಟ್ಟೆ ತುಂಬಿತು ಅಂತೀನಿ.”

“ಅಂದ್ರೆ?”

ಅವಳಿಗೂ ಆ ಕ್ಷಣ ಸಾಕಾಗಿಹೋಗಿತ್ತು. “ಬೇಳೆಗೆ ಉಪ್ಪು ಜಾಸ್ತಿ ಅತ್ತೆ. ಇಪ್ಪತ್ತೇಳು ವರ್ಷದಿಂದ ಜಾಸ್ತಿ. ಎಲೆಕೋಸು ಅರ್ಧ ಗಂಟೆ ಮೊದಲೇ ಇಳಿಸಬೇಕು.”

ಅತ್ತೆ ಕೈ ತೊಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಬೆಳಿಗ್ಗೆ ಮಾತ್ರೆಯ ಡಬ್ಬಿ, ಎರಡು ಸೀರೆ, ರೇಡಿಯೋ ಚೀಲಕ್ಕೆ ತುಂಬಿಕೊಂಡು ಚಿಕ್ಕ ಮಗನ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು, “ಅಲ್ಲಿ ಉಪ್ಪು ಎಷ್ಟಿದ್ದರೂ ಉಂಡವರು ಬಾಯಿಬಿಟ್ಟು ಹೇಳ್ತಾರೆ,” ಎಂದಳು.

ಆ ವಾರ ಅಡುಗೆ ಯಾರದೆಂಬುದೇ ಒಂದು ದೊಡ್ಡ ಪ್ರಶ್ನೆಯಾಯಿತು. ಗಂಡ ಅಂಗಡಿಯಿಂದ ಬರುವಾಗ ಬ್ರೆಡ್ಡು ತರುತ್ತಿದ್ದ. ಮಗಳು ಮೊಟ್ಟೆ ಬೇಯಿಸುತ್ತಿದ್ದಳು. ಮಾತು ಅಗತ್ಯವಿದ್ದಷ್ಟೇ. ಗುರುವಾರದ ಪತ್ರಿಕೆಯಲ್ಲಿ ಅಂಕಣದ ಜಾಗದಲ್ಲಿ ಫ್ರಿಜ್ಜಿನ ಜಾಹೀರಾತು ಬಂತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅವಳು ಆ ಪುಟವನ್ನು ಮಡಚಿ ಮೇಜಿನ ಮೇಲೆ ಇಟ್ಟಳು, ಮತ್ತೆ ಬಿಚ್ಚಿದಳು. ಬಹಳ ನೋವಾಯಿತು. ಸಿಟ್ಟು ಅದಕ್ಕಿಂತ ಹೆಚ್ಚು ಬಂತು.

ಶುಕ್ರವಾರ ಹನ್ನೊಂದು ಗಂಟೆಗೆ ಓರಗಿತ್ತಿ ಬಂದಳು. ಏಪ್ರನ್ನೂ ಬಿಚ್ಚಿರಲಿಲ್ಲ. ಕೂರಲೂ ಇಲ್ಲ.

“ಅಕ್ಕ, ನನಗೆ ಹೊಗಳಿಕೆ ಬೇಡ. ಅವರು ಕೇಳ್ತಾರೆ, ನಾನು ಕೇಳಲ್ಲ. ಏನು ಸರಿಯಿಲ್ಲ ಅಂತ ಹೇಳಿ, ಸಾಕು.”

“ನಾನು ಉಂಡಿದ್ದು ಒಂದೇ ಸಲ. ಮೂರು ಸಲ ಉಣ್ಣದೆ...”

“ಮೂರು ಸಲ ಉಂಡ ಕಡೆ ಮಾತ್ರ ಏನು ಹೇಳಿದ್ದೀರಿ?” ಓರಗಿತ್ತಿಯ ದನಿ ಏರಲಿಲ್ಲ. “ಹದಿನಾಲ್ಕು ವರ್ಷ ಹಾಸ್ಟೆಲಿನಲ್ಲಿ ಬೇಯಿಸಿದವಳು ನಾನು. ಆ ಹುಡುಗೀರು ತಟ್ಟೆ ತಳ್ಳಿ, ಆಂಟಿ ಇದಕ್ಕೆ ಉಪ್ಪಿಲ್ಲ ಅನ್ನೋರು. ನಾನು ಉಪ್ಪು ಹಾಕ್ತಿದ್ದೆ. ಅಲ್ಲಿಗೆ ಮುಗೀತು. ನೀವು ಅಷ್ಟೊಂದು ಹೋಟೆಲಿಗೆ ಹೊಟ್ಟೆ ತುಂಬಿತು ಅಂದ್ರಲ್ಲ, ಒಳಗೆ ಬೇಯಿಸ್ತಿದ್ದವರಿಗೆ ಏನು ಗೊತ್ತಾಯ್ತು? ಓದಿದವರು ನಕ್ಕರು. ನೀವು ಒಳ್ಳೆಯವರಾದ್ರಿ. ನಾವು ಪಾತ್ರೆ ಮುಂದೆ ನಿಂತು ಎಲ್ಲಿ ತಪ್ಪಾಯ್ತು ಅಂತ ತಲೆ ಕೆರ್ಕೊಳ್ತಾ ಇದ್ವಿ.”

ತನ್ನನ್ನು ಯಾರೂ ಇಷ್ಟು ಸರಿಯಾಗಿ ಓದಿರಲಿಲ್ಲ ಎಂದು ತುತ್ತಕ್ಕನಿಗೆ ಅನ್ನಿಸಿತು.

“ನಡಿ,” ಎಂದು ಚೀಲ ತೆಗೆದುಕೊಂಡಳು.

ಹೋಟೆಲಿನಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಓರಗಿತ್ತಿ ಒಲೆಯ ಮೇಲಿನ ಪಾತ್ರೆಯಿಂದಲೇ ಒಂದು ಸೌಟು ಸೂಪು ಬಟ್ಟಲಿಗೆ ಹಾಕಿ ಕೊಟ್ಟಳು. ತುತ್ತಕ್ಕ ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು, ಬಟ್ಟಲು ಬರಿದಾಗುವವರೆಗೂ ಕೆಳಗಿಡಲಿಲ್ಲ. ಮೆಣಸಿನ ಬಿಸಿ, ಹದವಾಗಿ ಕರಗಿದ ಈರುಳ್ಳಿ, ಎಲ್ಲವೂ ಎಲ್ಲಿರಬೇಕೋ ಅಲ್ಲಿದ್ದವು.

“ಇದು ಅವತ್ತಿನ ಸೂಪಲ್ಲ,” ಎಂದಳು.

“ಅದೇ ಅಕ್ಕ. ಒಂದು ಚಿಟಿಕೆ ಬದಲಾಯಿಸಿಲ್ಲ.”

“ಹಾಗಾದ್ರೆ ಗಿರಾಕಿಗೆ ಕೊಡೋ ಹಾಗೆ ಕೊಡು. ನಾನು ಹೊರಗೆ ಕೂತಿರ್ತೀನಿ.”

ಮೂಲೆಯ ಮೇಜಿನಲ್ಲಿ ಕೂತು ಗಡಿಯಾರ ನೋಡಿದಳು. ಓರಗಿತ್ತಿ ಬಟ್ಟಲನ್ನೂ ತಟ್ಟೆಯನ್ನೂ ಕಪ್ಪು ಕಟ್ಟೆಯ ಮೇಲಿಟ್ಟಳು. ಮೈದುನ ಅತ್ತಿಗೆಯನ್ನು ನೋಡಿದರೂ ನೋಡದವನಂತೆ ಎದ್ದು ಬಂದ. ದೀಪ ಹಚ್ಚಿದ. ಬಟ್ಟಲಿನ ಅಂಚು ಒರೆಸಿದ, ತಟ್ಟೆಯನ್ನು ಅರ್ಧ ತಿರುಗಿಸಿದ, ಕಟ್ಟೆಯ ಮೇಲೆ ಚೆಲ್ಲಿದ ಒಂದು ಹನಿಯನ್ನು ಒರೆಸಿದ, ದೂರ ನಿಂತು ನೋಡಿ ಮತ್ತೆ ಹತ್ತಿರ ಬಂದು ಒರೆಸಿದ. ಟೈಲ್ಸಿನಲ್ಲಿ ಊಟದ ಪ್ರತಿಬಿಂಬ ಚೆಂದವಾಗಿ ಕಾಣುತ್ತಿತ್ತು. ಊಟ ಮೇಜಿಗೆ ಬರುವಷ್ಟರಲ್ಲಿ ಒಂಬತ್ತು ನಿಮಿಷ ಆಗಿತ್ತು. ಸೂಪು ತಣ್ಣಗೆ, ಕೋಳಿಯ ಚರ್ಮ ಮೆತ್ತಗೆ.

ತುತ್ತಕ್ಕ ಪೂರ್ತಿ ತಿಂದಳು. ಬಿಲ್ಲು ಕೇಳಿದಳು. ಮೈದುನ ಬೇಡವೆಂದ. ಅವಳು ದುಡ್ಡನ್ನು ಕಟ್ಟೆಯ ಮೇಲಿಟ್ಟಳು. ಟೈಲ್ಸಿಗೆ ಕೈ ತಗುಲಿದಾಗ ಮೈ ಜುಮ್ಮೆನ್ನುವಷ್ಟು ತಂಪಾಗಿತ್ತು. ಮಂಗಳವಾರ ಮತ್ತೆ ಹೋದಳು. ಹನ್ನೊಂದು ನಿಮಿಷ.

ಆ ಮಧ್ಯಾಹ್ನ ಊಟದ ಮೇಜಿನ ಮೇಲೆ ಪತ್ರಿಕೆ ಹಾಸಿ ಬರೆಯಲು ಕೂತಳು. ಬೋರ್ಡಿನ ಕಥೆಯಿಂದ ಶುರುಮಾಡಿದಳು. ಹೋಟೆಲು ತನ್ನ ಮೈದುನನದು, ಆ ಮಾತು ತನ್ನದೇ, ಅದರ ಅರ್ಥ ಓದುಗರಿಗೆ ಗೊತ್ತಿರುವುದೇ, ಎಂದು ಬರೆದಳು. ‘ಅಡುಗೆಯವಳ ಕೈ ಈ ಊರಿನ ಅತ್ಯುತ್ತಮ ಕೈಗಳಲ್ಲಿ ಒಂದು. ಅದನ್ನು ಕೆಡಿಸುತ್ತಿರುವುದು ಯಜಮಾನರ ಕಟ್ಟೆ. ಒಲೆಯಿಂದ ಇಳಿದ ಊಟ ತಣ್ಣನೆಯ ಟೈಲ್ಸಿನ ಮೇಲೆ ಹತ್ತು ನಿಮಿಷ ಮೈ ತೋರಿಸಿಕೊಂಡು ನಿಲ್ಲುತ್ತದೆ. ನೋಡಲು ಬಂದವರಿಗೆ ಅದು ಸರಿ, ಉಣ್ಣಲು ಬಂದವರಿಗೆ ಅಲ್ಲ. ಆಲೂಗಡ್ಡೆ ಹುರಿಯುವ ಎಣ್ಣೆ ಹಳತು, ಅದು ಅಡುಗೆಯವಳ ತಪ್ಪು.’ ಕೊನೆಯ ಪ್ಯಾರಾ ಬರೆಯಲು ಒಂದು ಗಂಟೆ ಹಿಡಿಯಿತು. ‘ಇಷ್ಟು ವರ್ಷ ಎರಡು ಪದದ ಹಿಂದೆ ಬಚ್ಚಿಟ್ಟುಕೊಂಡು ಬರೆದೆ. ಅದು ಸಭ್ಯತೆಯಲ್ಲ, ಪುಕ್ಕಲುತನ. ಆ ಮಾತನ್ನು ಇನ್ನು ಬರೆಯುವುದಿಲ್ಲ. ನಾನು ಹಾಗೆ ಬರೆದ ಹೋಟೆಲಿನವರು ಯಾರಾದರೂ ಬಂದು ಕೇಳಿದರೆ, ಏನು ಕೊರತೆಯಿತ್ತೆಂದು ಹೇಳುತ್ತೇನೆ.’

ಗಂಡ ಅಂಗಡಿಯಿಂದ ಬಂದವನು ಹಾಳೆಗಳನ್ನು ಕೈಗೆತ್ತಿಕೊಂಡ. ನಿಂತೇ ಓದಿದ. ಮೊದಲ ಸಲ ಓದಿದ್ದು.

“ಇದು ಬಂದ್ರೆ ಅವನು ಈ ಮನೆ ಹೊಸ್ತಿಲು ತುಳಿಯಲ್ಲ. ಅಮ್ಮನೂ ವಾಪಸ್ ಬರಲ್ಲ.”

“ಗೊತ್ತು.”

“ಆದ್ರೂ ಕೊಡ್ತೀಯಾ?”

“ಕೊಡ್ತೀನಿ.”

ಅವನು ಇನ್ನೊಂದು ಸಲ ಕೊನೆಯ ಪುಟ ಓದಿದ. “ಅಕ್ಷರ ಚೆನ್ನಾಗಿ ಕಾಣುತ್ತೆ,” ಎಂದ. ಅವನಿಂದ ಬರಬಹುದಾಗಿದ್ದ ಬೆಂಬಲ ಅಷ್ಟೇ, ಅವಳು ಅದನ್ನೇ ಇಟ್ಟುಕೊಂಡಳು.

ಸಂಪಾದಕ ಓದಿ ಹಾಳೆಗಳನ್ನು ಮೇಜಿನ ಆಚೆಗೆ ತಳ್ಳಿದ. “ನಾನು ಕೇಳಿದ್ದು ನಾಲ್ಕು ಸಾಲು.”

“ನನ್ನ ಹತ್ರ ಇರೋದು ಇದು.”

“ಇದನ್ನ ಹಾಕಿದ್ರೆ ಇಪ್ಪತ್ತೆರಡು ವರ್ಷದ ಹೋಟೆಲಿನವರೆಲ್ಲ ಬಾಗಿಲಿಗೆ ಬರ್ತಾರೆ.”

“ಬರ್ಲಿ. ಅದಕ್ಕೇ ಬರೆದಿದ್ದು.”

“ಹಾಕದಿದ್ರೆ?”

“ಎದುರು ಪತ್ರಿಕೆಗೆ ಕೊಡ್ತೀನಿ. ಅವರೂ ಬೇಡ ಅಂದ್ರೆ ಮಾರ್ಕೆಟ್ಟಿನಲ್ಲಿ ನಿಂತು ಹಂಚ್ತೀನಿ. ಫ್ರಿಜ್ಜಿನ ಜಾಹೀರಾತು ನೋಡಿಕೊಂಡು ಮನೇಲಿ ಕೂರೋಳಲ್ಲ ನಾನು.”

ಅವನು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದ. ಆಮೇಲೆ ಹಾಳೆಗಳನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡ. “ಇದೊಂದು ಹಾಕ್ತೀನಿ. ಮುಂದಿನದ್ದು ಇದಕ್ಕೆ ಏನು ಬರುತ್ತೆ ನೋಡಿ ಹೇಳ್ತೀನಿ.”

ಗುರುವಾರ ಅಂಕಣ ಬಂತು. ಹತ್ತು ಗಂಟೆಗೆ ಮೈದುನ ಫೋನು ಮಾಡಿ, ಇನ್ನು ಮೇಲೆ ನೀವು ನನಗೆ ಅತ್ತಿಗೆಯಲ್ಲ ಎಂದು ಹೇಳಿ ಇಟ್ಟುಬಿಟ್ಟ. ಹನ್ನೊಂದಕ್ಕೆ ಓರಗಿತ್ತಿ ಮಾಡಿದಳು. ಎಣ್ಣೆ ಹಳತಲ್ಲ ಎಂದು ಜಗಳವಾಡಿದಳು. “ಹಳೇದೇ,” ಎಂದಳು ಇವಳು. “ಎರಡೇ ದಿನದ್ದು,” ಎಂದಳು ಅವಳು. “ಅದನ್ನೇ ಹಳೇದು ಅನ್ನೋದು.” “ಸರಿ, ನೋಡ್ತೀನಿ,” ಎಂದು ಅವಳೂ ಇಟ್ಟಳು.

ಮರುದಿನ ಬೆಳಿಗ್ಗೆ ಅತ್ತೆಯ ಫೋನು. ಹಲೋ ಇಲ್ಲ, ಏನಿಲ್ಲ.

“ನಿನ್ನ ಓರಗಿತ್ತಿ ಗಾರೆಯವರನ್ನ ಕರೆಸಿ ಕಟ್ಟೆ ಒಡೆಸ್ತಾ ಇದಾಳೆ. ಇವನು ಬಾಗಿಲಲ್ಲಿ ಕೂತು ಅಳ್ತಾ ಇದಾನೆ. ನೀನು ಹಚ್ಚಿದ ಬೆಂಕಿ, ನಿನಗೆ ಗೊತ್ತಿರಲಿ ಅಂತ ಹೇಳಿದೆ.”

“ಗೊತ್ತಾಯ್ತು ಅತ್ತೆ. ನೀವು ಯಾವಾಗ ಬರ್ತೀರಿ?”

“ಬರಲ್ಲ. ಇಲ್ಲಿ ಸೂಪು ಬಿಸಿ ಇರುತ್ತೆ ಇನ್ನು,” ಎಂದು ಲೈನು ಕತ್ತರಿಸಿದಳು.

ಸೋಮವಾರದ ಹೊತ್ತಿಗೆ ಕಚೇರಿಗೆ ಪತ್ರಗಳು ಬಂದು ಬಿದ್ದವು. ಬೈದವರೇ ಹೆಚ್ಚು. ಸಂಪಾದಕ ಕಟ್ಟನ್ನು ತಂದು ಅವಳ ಮುಂದಿಟ್ಟು, ಗಲಾಟೆ ತಣ್ಣಗಾಗುವವರೆಗೆ ಒಂದು ತಿಂಗಳು ಅಂಕಣ ಬೇಡ ಎಂದ. ಅವಳು ಮೇಲಿನ ಲಕೋಟೆ ಒಡೆಯುತ್ತ, “ಈ ವಾರದ್ದಕ್ಕೆ ಜಾಗ ಇಡಿ,” ಎಂದಳು. ಅಷ್ಟರಲ್ಲಿ ಮೇಜಿನ ಫೋನು ಬಡಿದುಕೊಂಡಿತು. ವಯಸ್ಸಾದ ಗಂಡಸಿನ ದನಿ.

“ತುತ್ತಕ್ಕ ಅವರಾ? ಕೇಳಿದ್ರೆ ಹೇಳ್ತೀನಿ ಅಂತ ಬರೆದಿದ್ರಿ. ರೈಲ್ವೇ ಗೇಟಿನ ಹತ್ರ ನಂದೊಂದು ಹೋಟೆಲಿತ್ತು. ಹಸಿರು ಬಾಗಿಲು. ಮುಚ್ಚಿ ಹನ್ನೊಂದು ವರ್ಷ ಆಯ್ತು. ನೀವು ಬರೆದ ಮೇಲೆ ಮುಚ್ಚಿದ್ದು. ನಿಮಗೆಲ್ಲಿ ನೆನಪಿರುತ್ತೆ, ಬಿಡಿ.”

“ನೆನಪಿದೆ. ಕಿಟಕಿ ಪಕ್ಕ ನಾಲ್ಕು ಮೇಜು.”

“ಹೂಂ. ನಾಲ್ಕೇ. ಏನು ಕೊರತೆ ಇತ್ತಮ್ಮ?”

ಸಂಪಾದಕ ಎದುರಿಗೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳಲಿ ಎಂದು ದನಿ ಎತ್ತರಿಸಿಯೇ ಹೇಳಿದಳು. “ಅನ್ನ. ಮಧ್ಯಾಹ್ನ ಮಾಡಿದ್ದನ್ನೇ ಸಂಜೆಗೆ ಬಿಸಿ ಮಾಡಿ ಬಡಿಸ್ತಿದ್ರಿ. ಮೂರು ಸಲಾನೂ ಹಾಗೇ ಇತ್ತು. ಮಿಕ್ಕಿದ್ದೆಲ್ಲ ಚೆನ್ನಾಗಿತ್ತು.”

“ಅಷ್ಟೇನಾ?”

“ಅಷ್ಟೇ.”

“ಅಯ್ಯೋ,” ಎಂದ ಅವನು, ಮೆಲ್ಲಗೆ. “ದೊಡ್ಡ ಪಾತ್ರೆ ಒಂದೇ ಇತ್ತು ನನ್ನ ಹತ್ರ. ಸಣ್ಣದು ಎರಡು ತಂದು ಎರಡು ಹೊತ್ತೂ ಮಾಡಬಹುದಿತ್ತು. ನಾನು ಹನ್ನೊಂದು ವರ್ಷದಿಂದ ಮೀನು ಕೆಟ್ಟಿತ್ತೇನೋ ಅಂದ್ಕೊಂಡಿದ್ದೆ. ನನ್ನ ಹೆಂಡತಿ ಸಾಯೋವರೆಗೂ ತನ್ನ ಕೈಯ್ಯೇ ಸರಿಯಿಲ್ಲ ಅಂದ್ಕೊಂಡಿದ್ಲು.”

“ಅವರ ಕೈ ಚೆನ್ನಾಗಿತ್ತು. ನಾನು ಅವತ್ತೇ ಬರೀಬೇಕಿತ್ತು. ತಪ್ಪು ನಂದು.”

“ಹೂಂ, ನಿಮ್ಮದೇ,” ಎಂದ ಅವನು.

ಅವಳು ಆ ಮಾತನ್ನು ಹಾಗೇ ತೆಗೆದುಕೊಂಡಳು. “ಈ ಗುರುವಾರ ಇದನ್ನೇ ಬರೀತೀನಿ. ಬಾಗಿಲಿನ ಬಣ್ಣದಿಂದ ಹಿಡಿದು ಎಲ್ಲ. ಈಗ ಎಲ್ಲಿದ್ದೀರಿ ನೀವು?”

“ದೊಡ್ಡಾಸ್ಪತ್ರೆ ಕ್ಯಾಂಟೀನಿನಲ್ಲಿ. ಅಡುಗೆಗೇ.”

“ಮಧ್ಯಾಹ್ನ ಊಟಕ್ಕೆ ಬರ್ತೀನಿ.”

“ಬನ್ನಿ. ಆದ್ರೆ ಉಂಡು ಸುಮ್ಮನೆ ಎದ್ದು ಹೋಗೋ ಹಾಗಿಲ್ಲ. ಒಳಗೆ ಬಂದು, ನನ್ನ ಮುಖ ನೋಡಿ ಹೇಳಿ ಹೋಗಬೇಕು.”

“ಹೇಳಿಯೇ ಹೋಗ್ತೀನಿ,” ಎಂದು ತುತ್ತಕ್ಕ ಫೋನಿಟ್ಟು, ಸಂಪಾದಕನ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡಳು.